ಹಾರುವ ಮುನ್ನ ತೂಗಬೇಕು

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಹಳೆಯ ಉಪಾಧ್ಯಾಯನೊಬ್ಬನ ಒಂದು ವಿನಂತಿಯನ್ನು ಹಳೆಯ ವಿದ್ಯಾರ್ಥಿಗಳು ಆಲಿಸಬೇಕು.

ಇತ್ತೀಚೆಗೆ ಆರ್.ಎಸ್. ಪುರಂನ ನಮ್ಮ ಮನೆಯ ಮಹಡಿಯಲ್ಲಿ ಮೊಮ್ಮಗನು ತಾನೇ ಜೋಡಿಸಿದ ಕ್ವಾಡ್‌ಕಾಪ್ಟರನ್ನು ಹಾರಿಸಲೆತ್ನಿಸಿದನು. ಅದು ಮೊಳದೆತ್ತರ ಏರಿ, ತತ್ತರಿಸಿ ಬಿದ್ದಿತು. ಮೋಟಾರುಗಳು ಮುಟ್ಟಲಾಗದಷ್ಟು ಕಾದಿದ್ದವು. ಅತಿವೇಗದ ಮೋಟಾರಿಗೆ ದೊಡ್ಡ ಪ್ರೊಪೆಲರನ್ನು ಕಟ್ಟಿದ್ದನು. "ದೊಡ್ಡದಾದರೆ ಒಳ್ಳೆಯದಲ್ಲವೇ, ತಾತ?" ಎಂದನು.

ಅಲ್ಲ. ದೊಡ್ಡ ಪ್ರೊಪೆಲರಿಗೆ ನಿಧಾನಗತಿಯ ಮೋಟಾರು, ಚಿಕ್ಕದಕ್ಕೆ ವೇಗದ್ದು ಹೊಂದುತ್ತದೆ. ಯಂತ್ರವು ಒಂದು ಕಿಲೋ ತೂಗಿದರೆ ನಾಲ್ಕೂ ಮೋಟಾರುಗಳು ಕೂಡಿ ಎರಡು ಕಿಲೋ, ಅಂದರೆ ತಲಾ 500 ಗ್ರಾಂ, ಎತ್ತಬಲ್ಲವಾಗಿರಬೇಕು. ಆಗ ಅರ್ಧ ಬಲದಲ್ಲಿ ನಿಂತು, ಉಳಿದರ್ಧವನ್ನು ಗಾಳಿಯೊಡನೆ ಸೆಣಸಲು ಇಟ್ಟುಕೊಳ್ಳುತ್ತದೆ. ಮೋಟಾರೊಂದಕ್ಕೆ 12 ಆಂಪಿಯರ್ ಬೇಕಾದರೆ ನಾಲ್ಕಕ್ಕೆ 48. ಬ್ಯಾಟರಿಯ ಧಾರಣಶಕ್ತಿ 2.2 ಆಂಪಿಯರ್-ಗಂಟೆಯಾಗಿದ್ದು, ಅದರ ಮೇಲೆ 25 ಸಿ ಎಂದಿದ್ದರೆ, ಗುಣಿಸಿದಾಗ 55 ಆಂಪಿಯರ್. 15 ಸಿ ಎಂದಿದ್ದರೆ 33 ಮಾತ್ರ, ಸಾಲದು. ಇನ್ನೂ ದೊಡ್ಡ ಬ್ಯಾಟರಿ ತಂದರೆ ತೂಕವೇರಿ ಲೆಕ್ಕ ಮೊದಲಿನಿಂದ ಆರಂಭ.

ಇದರಲ್ಲಿ ನಾನು ಕನ್ನಡದಲ್ಲಿ ಕಲಿತ ಗುಣಾಕಾರ, ತ್ರೈರಾಶಿಗಳಿಗಿಂತ ಹೆಚ್ಚಿನದೇನಿದೆ? 1937ರಲ್ಲಿ ಇದೇ ಕೊಯಮತ್ತೂರಿನಲ್ಲಿ ಡಿ. ಬಾಲಸುಂದರಂ ಅವರೊಡಗೂಡಿ ವಿದ್ಯುತ್ ಮೋಟಾರನ್ನು ನಿರ್ಮಿಸಿದ ಜಿ.ಡಿ. ನಾಯ್ಡು ಅವರು ಹೆಚ್ಚು ಶಾಲೆ ಕಂಡವರಲ್ಲ. ಆದರೂ ಕನ್ನಡದಲ್ಲಿ ಕಲಿತವರಿಗೆ ವಿಜ್ಞಾನ ಎಟುಕದೆಂಬ ಮಾತು ನಮ್ಮ ಮನೆಗಳಲ್ಲೇ ಕೇಳಿಬರುತ್ತಿದೆ. ಮಕ್ಕಳು ಶಾಲೆ ಬಿಡುತ್ತಿದ್ದಾರೆ.

ಶಾಲೆಗೆ ಬೆಲೆಬಾಳುವ ಸಿದ್ಧ ಯಂತ್ರಗಳನ್ನು ಕೊಡುವವರು ಮೊದಲು ಒಂದು ತಕ್ಕಡಿ, ಒಂದು ಆಮ್ಮೀಟರ್ ಕೊಡಲಿ. ವಾರಕ್ಕೊಂದು ಗಂಟೆ ಬಂದು ಕನ್ನಡದಲ್ಲೇ ಲೆಕ್ಕ ಹೇಳಿಕೊಡಲಿ. ಆ ಗಂಟೆಗೆ ಈ ಮುದುಕನೂ ಬರುವನು.