ಮಾಳಿಗೆಯ ಮಣ್ಣು, ಕೋಟೆಯ ಗಾರೆ

ಮಾನ್ವಿ, ದೇವದುರ್ಗ ಸೀಮೆಯ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ಕಲ್ಲು-ಮಣ್ಣಿನ ದಪ್ಪ ಗೋಡೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಡ್ಡಿ-ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣಿನ ಹಾಸು. ಹೊರಗೆ ವೈಶಾಖದ ಬಿಸಿಲು ಧಗಧಗಿಸುತ್ತಿದ್ದರೂ ಒಳಗೆ ಪಡಸಾಲೆಯಲ್ಲಿ ಮಲಗಿದವರಿಗೆ ತಂಪು. ಆದರೆ ಈ ಮಾಳಿಗೆಯದು ಒಂದು ಕರಾರು ಉಂಟು. ಪ್ರತಿವರ್ಷ ಮುಂಗಾರಿಗೆ ಮುಂಚೆ ಮೇಲೆ ಹತ್ತಿ, ಬೆಳೆದ ಹುಲ್ಲು ಕಿತ್ತು, ಬಿರುಕಿಗೆ ಸವಳು ಮಣ್ಣು ತುಂಬಿ, ನೀರು ಹರಿದುಹೋಗುವ ದಾರಿ ಬಿಡಿಸಬೇಕು. "ಮಳಿ ಬರೋದ್ರಾಗ ಮಾಳಿಗಿ ಮ್ಯಾಲ ಮಣ್ಣು ಹಾಕಸಪ್ಪಾ" ಎಂದು ಮನೆಯ ಅಜ್ಜಿ ಮಗನಿಗೆ ನೆನಪು ಮಾಡುತ್ತಿದ್ದುದು ಇದನ್ನೇ. ಒಂದು ವರ್ಷ ಮರೆತರೆ ಮನೆ ಸೋರುತ್ತದೆ. ಮತ್ತೂ ಮರೆತರೆ ಜಂತಿ ಕೊಳೆಯುತ್ತದೆ. ಇನ್ನೂ ಮರೆತರೆ ಮಾಳಿಗೆಯೇ ಕುಸಿಯುತ್ತದೆ.

ಹಳೆಯ ಕಟ್ಟಡಗಳನ್ನು ಉಳಿಸುವ ಶಾಸ್ತ್ರದ ಮೊದಲ ಪಾಠ ಅಜ್ಜಿಯ ಈ ಮಾತಿನಲ್ಲಿಯೇ ಇದೆ. ಕಟ್ಟಡ ಒಂದೇ ದಿನ ಬೀಳುವುದಿಲ್ಲ. ಬಿರುಕು ಕಂಡ ದಿನ ಯಾರೂ ನೋಡದೆ ಹೋದದ್ದರಿಂದ ಅದು ಮುಂದೊಂದು ದಿನ ಬೀಳುತ್ತದೆ.

ಶಾಸನಗಳು ಹೇಳುವುದೇನು?

ಈ ತಿಳಿವಳಿಕೆ ನಮ್ಮ ಹಿರಿಯರಿಗೆ ಸಾವಿರ ವರ್ಷಗಳ ಹಿಂದೆಯೇ ಇತ್ತು. ಕನ್ನಡದ ದಾನಶಾಸನಗಳನ್ನು ಓದುತ್ತ ಹೋದರೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಹಳತಾಗಿ ಸವೆದದ್ದು. ಗುಡಿಗೆ ಭೂಮಿಯನ್ನೋ ಸುಂಕದ ಹಣವನ್ನೋ ಬಿಡುವಾಗ ನಂದಾದೀಪಕ್ಕೆ, ನೈವೇದ್ಯಕ್ಕೆ, ವಿದ್ಯಾದಾನಕ್ಕೆ ಎಂದು ಬರೆಸುವಂತೆಯೇ ದುರಸ್ತಿಗೆಂದೂ ಬರೆಸುತ್ತಿದ್ದರು. ಗುಡಿ ಹೊಸದಾಗಿರುವಾಗಲೇ ಅದರ ಬಿರುಕಿನ ಖರ್ಚಿಗೆ ದುಡ್ಡು ತೆಗೆದಿಡುವ ದೂರದೃಷ್ಟಿ ಅದು. ಶಾಸನದ ಕೊನೆಯಲ್ಲಿ ಬರುವ ಶ್ಲೋಕಗಳ ಸಾರವೂ ಇದೇ: ದಾನ ಕೊಡುವುದಕ್ಕಿಂತ, ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್‌ನಲ್ಲಿ ಹೀಗೆ ಕಾಪಾಡಬೇಕಾದದ್ದು ರಾಶಿ ರಾಶಿ ಇದೆ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ ಆದಿಲಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಗೆದ್ದ ರಾಯಚೂರಿನ ಕೋಟೆಗೆ ಆಗಲೇ ಇನ್ನೂರು ವರ್ಷ ಮೀರಿತ್ತು. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿಯ ಹೆಸರಿನ 1294ರ ಶಾಸನ ಆ ಕೋಟೆಯ ಗೋಡೆಯಲ್ಲಿದೆ. ಶಾಸನ ಕೆತ್ತಿದ ಕಲ್ಲೊಂದೇ ಸುಮಾರು 41 ಅಡಿ ಉದ್ದ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನೂ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. ಕೋಟೆ ಕಟ್ಟಿಸಿದವನ ಹೆಸರಿನ ಜೊತೆಗೆ ಕಲ್ಲು ಎಳೆದವರ ಬೆವರೂ ಅಲ್ಲಿ ದಾಖಲಾಗಿದೆ.

ಪಟ್ಟಿಗೆ ಸೇರದವುಗಳ ಪಾಡು

ಇಂಥ ದೊಡ್ಡ ಕೋಟೆಗಳಿಗೆ ಕಾನೂನಿನ ಆಸರೆ ಉಂಟು. ಕೇಂದ್ರದ 1958ರ ಕಾಯ್ದೆ, ಕರ್ನಾಟಕದ 1961ರ ಕಾಯ್ದೆ ಎರಡೂ ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿಯೇ ಬಂದವು. ಕೇಂದ್ರದ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆದರೆ ಇಡೀ ದೇಶದಲ್ಲಿ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳು ಸುಮಾರು 3,700 ಮಾತ್ರ. ರಾಜ್ಯದ ಪಟ್ಟಿಯಲ್ಲಿ ಎಂಟುನೂರಕ್ಕೂ ಹೆಚ್ಚು ಇವೆ. ಕರ್ನಾಟಕದ ಹಳ್ಳಿಗಳ ಸಂಖ್ಯೆಯಾದರೋ ಇಪ್ಪತ್ತೇಳು ಸಾವಿರಕ್ಕೂ ಮಿಗಿಲು!

ಹಾಗಾದರೆ ಊರ ಬಾಯಿಯ ಅಗಸಿ ಯಾವ ಪಟ್ಟಿಯಲ್ಲಿದೆ? ಶತ್ರು ಬರುವುದನ್ನು ನೋಡಲು ಕಟ್ಟಿದ ಹುಡೇವು, ಮೆಟ್ಟಿಲು ಇಳಿದು ನೀರು ತರುತ್ತಿದ್ದ ಬಾವಿ, ನ್ಯಾಯ ಕೂಡುತ್ತಿದ್ದ ಚಾವಡಿ, ದೊಡ್ಡ ಮನೆತನದ ವಾಡೆ ಇವುಗಳಲ್ಲಿ ಬಹುಪಾಲಿನವು ಯಾವ ಪಟ್ಟಿಯಲ್ಲೂ ಇಲ್ಲ. ಇವುಗಳನ್ನು ಉಳಿಸಿದರೆ ಊರವರೇ ಉಳಿಸಬೇಕು.

ಊರವರು ಬಿಡದೆ ಬಳಸುವ ಜಾಗ ತಾನಾಗಿಯೇ ಉಳಿಯುತ್ತದೆ ಎಂಬುದಕ್ಕೆ ಮಾನ್ವಿಯಲ್ಲೇ ಉದಾಹರಣೆ ಇದೆ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಹುಟ್ಟಿದ್ದು ಈ ತಾಲ್ಲೂಕಿನ ಬ್ಯಾಗವಾಟದಲ್ಲಿ, ಬಾಳಿದ್ದು ಮಾನ್ವಿಯಲ್ಲಿ. 18ನೆಯ ಶತಮಾನದ ಆ ದಾಸರ ನೆಲೆಗೆ ಇಂದಿಗೂ ಜನ ಬರುತ್ತಾರೆ. ದಿನವೂ ಕಸ ಗುಡಿಸಿ ದೀಪ ಹಚ್ಚುವ ಜಾಗದಲ್ಲಿ ಸೋರುವ ಮಾಳಿಗೆ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಸಾಧ್ಯವಿಲ್ಲ. ಬೀಗ ಹಾಕಿದ ವಾಡೆಗೆ ಆ ಭಾಗ್ಯವಿಲ್ಲ. ಅಲ್ಲಿ ಮೊದಲು ಬರುವುದು ಬಾವಲಿ, ಆಮೇಲೆ ಅರಳಿಸಸಿ, ಕೊನೆಗೆ ನಿಧಿಯ ಆಸೆಗೆ ನೆಲ ಅಗೆಯುವವರು.

ಊರವರ ಪಾಲು

ಊರವರೇ ಮುಂದೆ ಬಂದರೆ ಏನಾಗಬಹುದೆಂಬುದಕ್ಕೆ ಕರ್ನಾಟಕದಲ್ಲಿ ಒಳ್ಳೆಯ ನಿದರ್ಶನಗಳಿವೆ. 1991ರಲ್ಲಿ ಆರಂಭವಾದ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಇನ್ನೂರಕ್ಕೂ ಹೆಚ್ಚು ಹಳೆಯ ದೇವಾಲಯಗಳನ್ನು ದುರಸ್ತಿ ಮಾಡಿಸಿದೆ. ಅದರ ಲೆಕ್ಕಾಚಾರ ಗಮನಿಸತಕ್ಕದ್ದು. ಖರ್ಚಿನಲ್ಲಿ ಸರ್ಕಾರದ್ದು ಶೇಕಡ 40, ಟ್ರಸ್ಟಿನದು ಶೇಕಡ 40, ಉಳಿದ ಶೇಕಡ 20 ಊರವರದು. ಇಪ್ಪತ್ತು ಸಣ್ಣ ಪಾಲಿನಂತೆ ಕಾಣಬಹುದು. ಆದರೆ ತನ್ನ ಮನೆಯಿಂದ ನೂರು ರೂಪಾಯಿ ಕೊಟ್ಟವನು ಮುಂದೆ ಆ ಗುಡಿಯ ಗೋಡೆಗೆ ದನ ಕಟ್ಟುವುದಿಲ್ಲ, ಕಟ್ಟುವವರನ್ನು ನೋಡಿ ಸುಮ್ಮನಿರುವುದೂ ಇಲ್ಲ. ದುರಸ್ತಿ ಮುಗಿದ ಮೇಲೆ ಕಟ್ಟಡವನ್ನು ಕಾಯುವುದು ಆ ಇಪ್ಪತ್ತೇ.

ಬೀದರದ್ದು ಇನ್ನೊಂದು ಕಥೆ. ಬಹಮನಿಗಳ ಕಾಲದಲ್ಲಿ, 15ನೆಯ ಶತಮಾನದಲ್ಲಿ, ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ 'ಕರೇಜ್' ಅಲ್ಲಿದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಹೂಳು ತುಂಬಿ ಮರೆತುಹೋಗಿದ್ದ ನೌಬಾದಿನ ಸುರಂಗವನ್ನು ಭೂಗೋಳದ ವಿದ್ವಾಂಸರು ಗುರುತಿಸಿದರು. 2014-15ರ ಸುಮಾರಿಗೆ ಜಿಲ್ಲಾಡಳಿತ ಹೂಳು ತೆಗೆಸಿತು. 2016ರ ಬರಗಾಲದಲ್ಲಿ ಊರಿನ ತರುಣರು ಹಳೆಯ ಬಾವಿಗಳ ಹೂಳು ತೆಗೆಯಲು ನಿಂತರು. ಸ್ಮಾರಕವೆಂದರೆ ನೋಡಿ ಬರುವ ವಸ್ತು ಎಂದುಕೊಂಡಿದ್ದವರಿಗೆ ಅದು ನೀರನ್ನೂ ಕೊಡಬಲ್ಲದೆಂದು ತಿಳಿಯಿತು.

ಕೆಲವೊಮ್ಮೆ ಸರಿಯಾದ ಸಮಯಕ್ಕೆ ಎದ್ದ ಕೂಗೂ ಸಾಕಾಗುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಲೇಖಕ ಆರ್.ಕೆ. ನಾರಾಯಣ್ ವಾಸವಾಗಿದ್ದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದ್ದರು. ಸುದ್ದಿ ತಿಳಿದ ನಾಗರಿಕರೂ ಪತ್ರಿಕೆಗಳೂ ದನಿಯೆತ್ತಿದ ಮೇಲೆ ಕೆಲಸ ನಿಂತಿತು. ಮನೆ ಸರ್ಕಾರದ ವಶಕ್ಕೆ ಬಂದು, ದುರಸ್ತಿಗೊಂಡು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೂಗು ಒಂದು ತಿಂಗಳು ತಡವಾಗಿದ್ದರೆ ಅಲ್ಲಿ ಮನೆಯ ಅಡಿಪಾಯವೂ ಉಳಿಯುತ್ತಿರಲಿಲ್ಲವೇನೋ.

1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಎರಡು ಊರುಗಳ ಕಥೆ ಇನ್ನೂ ಹತ್ತಿರದ್ದು. ಮೊದಲನೆಯದು ಆನೆಗೊಂದಿ. ಅಲ್ಲಿ 'ಕಿಷ್ಕಿಂದ ಟ್ರಸ್ಟ್' 1990ರ ದಶಕದಿಂದ ಹಳೆಯ ಮನೆಗಳನ್ನು ರಿಪೇರಿ ಮಾಡಿಸಿ ಪ್ರವಾಸಿಗರ ತಂಗುಮನೆ, ಕುಶಲಕರ್ಮದ ಕೇಂದ್ರಗಳಾಗಿ ಬಳಕೆಗೆ ತಂದಿತು. ಹೆಂಗಸರು ಬಾಳೆನಾರಿನ ಚೀಲ, ಬುಟ್ಟಿಗಳನ್ನು ಹೆಣೆದು ನಾಲ್ಕು ಕಾಸು ಕಾಣುವಂತಾಯಿತು. ಎರಡನೆಯದು ಕುಕನೂರು. ವಿಜಯನಗರ ಕಾಲದ್ದೆನ್ನುವ ಅಲ್ಲಿನ ಕಮಲ ಮಹಲನ್ನು ನೋಡಬೇಕಾದವರು ಈಗ ಕುಕನೂರಿಗೆ ಹೋಗಿ ಪ್ರಯೋಜನವಿಲ್ಲ, ಮಣಿಪಾಲಕ್ಕೆ ಹೋಗಬೇಕು! ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಹಾಳಾಗುತ್ತಿದ್ದ ಹತ್ತಾರು ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಪುನಃ ನಿಲ್ಲಿಸಿದರು. ಕಮಲ ಮಹಲೂ ಅವುಗಳಲ್ಲೊಂದು. ಅವರ ಶ್ರಮಕ್ಕೆ ಕೈಮುಗಿಯಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಊರಲ್ಲೇ ಉಳಿಸಿಕೊಂಡ ಆನೆಗೊಂದಿ, ನೂರಾರು ಕಿಲೋಮೀಟರು ಆಚೆ ಕಳಿಸಿಕೊಟ್ಟ ಕುಕನೂರು, ಇವೆರಡರಲ್ಲಿ ತಮ್ಮೂರು ಯಾವುದಾಗಬೇಕು?

ಜೀರ್ಣೋದ್ಧಾರವೋ, ಹೊಸ ಕಟ್ಟಡವೋ?

ಉಳಿಸುವ ಉತ್ಸಾಹದಲ್ಲೂ ಒಂದು ಅಪಾಯ ಉಂಟು. ಇಂದು ಹಲವು ಊರುಗಳಲ್ಲಿ ಜೀರ್ಣೋದ್ಧಾರವೆಂದರೆ ಹಳೆಯದನ್ನು ಕೆಡವಿ ಕಾಂಕ್ರೀಟಿನದನ್ನು ಕಟ್ಟುವುದು, ಇಲ್ಲವೇ ಕೆತ್ತನೆಯ ಕಂಬಗಳಿಗೆ ಆಯಿಲ್ ಪೇಂಟ್ ಬಳಿಯುವುದು ಎಂದಾಗಿದೆ. ದಪ್ಪ ಬಣ್ಣ ಶಾಸನದ ಅಕ್ಷರಗಳನ್ನು ನುಂಗುತ್ತದೆ. ನೆಲಕ್ಕೆ ಟೈಲ್ಸ್ ಹಾಕುವಾಗ ಕಂಬದ ಬುಡದ ಕೆತ್ತನೆ ಹೂತುಹೋಗುತ್ತದೆ.

ಸಿಮೆಂಟಿನ ಕೇಡು ಇನ್ನೂ ಒಳಗಿನದು. ಹಳೆಯ ಗೋಡೆಗಳ ಗಾರೆ ಸುಣ್ಣ-ಮರಳಿನದು. ಅದನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಹದ ಮಾಡುತ್ತಿದ್ದರು. ಸುಣ್ಣದ ಗಾರೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟು ಗಟ್ಟಿ, ತೇವಕ್ಕೆ ದಾರಿ ಕೊಡದು. ಒಳಗೆ ಸಿಕ್ಕಿಕೊಂಡ ನೀರು ಉಪ್ಪಿನ ಸಮೇತ ಕಲ್ಲಿನ ಮೂಲಕವೇ ಹೊರಬರುತ್ತದೆ. ಕೆಲವೇ ವರ್ಷಗಳಲ್ಲಿ ಸಿಮೆಂಟು ಹಾಗೆಯೇ ಉಳಿದು ಪಕ್ಕದ ಕಲ್ಲು ಹಪ್ಪಳೆ ಏಳುತ್ತದೆ. ಗೋಡೆಯಲ್ಲಿ ಬೆಳೆದ ಅರಳಿಯನ್ನು ಹಗ್ಗ ಕಟ್ಟಿ ಎಳೆದರೂ ಅಪಾಯವೇ, ಬೇರಿನ ಜೊತೆ ಕಲ್ಲೂ ಬರುತ್ತದೆ. ಆದ್ದರಿಂದ ಬಲ್ಲವರನ್ನು ಕೇಳದೆ ಕೈ ಹಾಕಬಾರದು.

ಈ ವಿಷಯದಲ್ಲಿ ಆಫ್ರಿಕಾದ ಮಾಲಿ ದೇಶದ ಜೆನ್ನೆ ಪಟ್ಟಣವನ್ನು ನೆನೆಯಬಹುದು. ಅಲ್ಲಿ 1907ರಲ್ಲಿ ಕಟ್ಟಿದ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಇಡೀ ಊರು ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ. ಮೇಸ್ತ್ರಿಗಳು ಏಣಿ ಹತ್ತುತ್ತಾರೆ, ಹೆಂಗಸರು ನೀರು ತರುತ್ತಾರೆ, ಹುಡುಗರು ಮಣ್ಣು ಹೊರುತ್ತಾರೆ. ಅದು ಅವರಿಗೆ ಹಬ್ಬ. ಮಾನ್ವಿ ಸೀಮೆಯ ಅಜ್ಜಿ ಆ ದೃಶ್ಯ ಕಂಡರೆ ಅಚ್ಚರಿಪಡಲಾರಳು, ತನ್ನ ಮಾಳಿಗೆಯನ್ನೇ ಕಂಡಾಳು.

ಮಕ್ಕಳು ಮಾಡಬಹುದಾದದ್ದು

ಪರಂಪರೆಯನ್ನು ಗೌರವಿಸಿ ಕಾಪಾಡುವುದು ಸಂವಿಧಾನದ 51ಎ ವಿಧಿಯಲ್ಲಿ ಹೇಳಿದ ಮೂಲಭೂತ ಕರ್ತವ್ಯಗಳಲ್ಲೊಂದು. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಸಾಲನ್ನು ಒಂದು ರಜಾದಿನ ಕಾರ್ಯರೂಪಕ್ಕೆ ತರಬಹುದು. ನಾಲ್ಕೈದು ಗೆಳೆಯರು ಒಂದು ನೋಟ್‌ಬುಕ್ ಹಿಡಿದು ಊರು ಸುತ್ತಲಿ. ಅಗಸಿ, ಬಾವಿ, ಗುಡಿ, ದರ್ಗಾ, ವೀರಗಲ್ಲು, ವಾಡೆ ಒಂದೊಂದಕ್ಕೂ ಒಂದು ಪುಟ. ಎಲ್ಲಿದೆ, ಯಾವ ಸಾಮಗ್ರಿಯದು, ಯಾರು ಬಳಸುತ್ತಾರೆ, ಎಲ್ಲಿ ಬಿರುಕಿದೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ಬರೆಯಲಿ. ಫೋಟೋ ತೆಗೆದು ತಾರೀಖು ಹಾಕಲಿ. ಮುಂದಿನ ವರ್ಷ ಅದೇ ಜಾಗದಿಂದ ಮತ್ತೊಂದು ಫೋಟೋ ತೆಗೆದರೆ ಬಿರುಕು ಬೆಳೆದಿದೆಯೋ ಇಲ್ಲವೋ ತಾನೇ ತಿಳಿಯುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ಹೊರತಂದಿದೆ. ಅವುಗಳಲ್ಲಿ ತಮ್ಮ ಊರಿನ ಹೆಸರು ಹುಡುಕುವುದೇ ಒಂದು ಸಂತೋಷ.

ಹಾಳುಬಿದ್ದ ಕಟ್ಟಡದ ಒಳಗೆ ಮಕ್ಕಳು ಒಂಟಿಯಾಗಿ ಹೋಗಬಾರದು, ಗೋಡೆ ಹತ್ತಬಾರದು. ಅಕ್ಷರ ಕಾಣಲೆಂದು ಶಾಸನದ ಮೇಲೆ ಎಣ್ಣೆ, ಬಣ್ಣ ಹಚ್ಚಬಾರದು. ಹೊಸ ಶಾಸನವೋ ಮೂರ್ತಿಯೋ ಕಂಡರೆ ಶಿಕ್ಷಕರ ಮೂಲಕ ತಹಸೀಲ್ದಾರರಿಗೆ ಇಲ್ಲವೇ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಬೇಕು.

ತಂದೆ-ತಾಯಂದಿರ ಪಾತ್ರವೂ ಚಿಕ್ಕದಲ್ಲ. ಮಕ್ಕಳನ್ನು ಹಂಪಿಗೆ, ವಿಜಯಪುರಕ್ಕೆ ಪ್ರವಾಸ ಕರೆದೊಯ್ಯುವವರು ಒಂದು ಸಂಜೆ ತಮ್ಮೂರ ಅಗಸಿಯ ಬಳಿಯೂ ನಿಲ್ಲಿಸಿ, ತಮ್ಮ ಅಜ್ಜ ಅಲ್ಲಿ ಕುಳಿತು ಏನು ಮಾತಾಡುತ್ತಿದ್ದ ಎಂದು ಹೇಳಲಿ. ಮಕ್ಕಳು ತಂದು ತೋರಿಸಿದ ನೋಟ್‌ಬುಕ್ಕನ್ನು ಹಿಡಿದು ಪಂಚಾಯಿತಿಯ ಗ್ರಾಮಸಭೆಗೆ ಹೋಗಬೇಕಾದವರು ಅವರೇ. ಬಿರುಕು ಚಿಕ್ಕದಿರುವಾಗ ನಾಲ್ಕು ಬುಟ್ಟಿ ಸುಣ್ಣದ ಗಾರೆಯಲ್ಲಿ ಮುಗಿಯುವ ಕೆಲಸ, ಗೋಡೆ ಬಿದ್ದ ಮೇಲೆ ಲಕ್ಷಗಳಿಗೂ ಬಗ್ಗದು.

ಮುಂಗಾರು ಪ್ರತಿವರ್ಷ ಬರುತ್ತದೆ. ಅದು ಬರುವುದಕ್ಕೆ ಮುಂಚೆ ಊರಿನ ಯಾವ ಗೋಡೆಯ ಮೇಲೆ ಅರಳಿಸಸಿ ಎದ್ದಿದೆ, ಯಾವ ಮಾಳಿಗೆಯ ನೀರಿನ ದಾರಿ ಕಟ್ಟಿದೆ ಎಂದು ಒಮ್ಮೆ ತಲೆಯೆತ್ತಿ ನೋಡುವವರು ಪ್ರತಿ ಊರಲ್ಲೂ ಇಬ್ಬರು-ಮೂವರು ಇದ್ದರೂ ಸಾಕು.