ಅವ್ವನ ಕೋಳಿ, ತಮ್ಮನ ಶೆಡ್ಡು

ಹೋದ ಭಾನುವಾರ ಪುಣೆಯ ನಮ್ಮ ಮನೆಯಲ್ಲಿ ಮಟನ್ನೋ ಚಿಕನ್ನೋ ಎಂಬ ವಾದ ಮುಗಿಯುವ ಮೊದಲೇ ರಾಣೇಬೆನ್ನೂರು ಕಡೆಯ ನಮ್ಮೂರಿಂದ ತಮ್ಮನ ಫೋನು.

“ಅಕ್ಕಾ, ಶೆಡ್ಡಿನ್ಯಾಗ ಕೋಳಿಗೆ ಹೇನು ಆಗ್ಯಾವ. ಅವ್ವನ ಜವಾರಿ ಕೋಳಿ ತಗೀರಿ, ಇಲ್ಲಂದ್ರ ಮುಂದಿನ ಬ್ಯಾಚಿಗೆ ಮರಿ ಕೊಡಂಗಿಲ್ಲ ಅಂತಾನ ಸೂಪರ್‌ವೈಸರ್. ಅವ್ವ ಎರಡು ದಿನದಿಂದ ನನ್ನ ಕೂಡ ಮಾತಾಡವಲ್ಲಳು.”

ತಮ್ಮ ಸಾಕುವುದು ಕಂಪನಿಯ ಬ್ರಾಯ್ಲರ್. ಮರಿ, ಮೇವು, ಔಷಧ ಅವರದು. ಶೆಡ್ಡು, ಕರೆಂಟು, ದುಡಿಮೆ ಇವನದು. ಕೂಲಿ ಕಿಲೋ ಲೆಕ್ಕದಲ್ಲಿ. ಹೇನು ಬಿದ್ದ ಕೋಳಿ ಕೆರೆದುಕೊಳ್ಳುತ್ತ ಮೇವು ಬಿಟ್ಟರೆ ಹೊಡೆತ ಇವನಿಗೇ.

ಪಶುವೈದ್ಯೆಯಾದ ಗೆಳತಿಯನ್ನು ಕೇಳಿದೆ. ಬ್ರಾಯ್ಲರ್‌ಗೆ ಹೇನು ಅಪರೂಪ ಎಂದಳು. ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆ ಇಡುವಷ್ಟಾಗಲು ಹೇನಿಗೆ ಸುಮಾರು 3 ವಾರ ಬೇಕು. ಬ್ರಾಯ್ಲರ್ 35-42 ದಿನಕ್ಕೆ ಲಾರಿ ಹತ್ತುತ್ತದೆ; ಹೇನಿನ ಸಂಸಾರ ಬೆಳೆಯುವ ಹೊತ್ತಿಗೆ ಮನೆಯೇ ಖಾಲಿ. ಕೋಳಿಯ ಮೈ ಬಿಟ್ಟರೆ ಹೇನು ಒಂದು ವಾರದಾಚೆ ಬದುಕುವುದೂ ಕಷ್ಟ. ಅಂದರೆ ಹೊರಗಿನಿಂದ ಬಂದಿರಬೇಕು. ವರ್ಷಗಟ್ಟಲೆ ಅಂಗಳದಲ್ಲಿರುವ ಕೋಳಿಯೇ ಅದಕ್ಕೆ ಕಾಯಂ ವಿಳಾಸ. ಸೂಪರ್‌ವೈಸರ್ ಹೇಳಿದ್ದು ಸುಳ್ಳಲ್ಲ. ಆದರೆ ಊರೂರು ಸುತ್ತಿ ಪುಕ್ಕ ಅಂಟಿಸಿಕೊಂಡು ಬರುವ ಕಂಪನಿಯ ಕ್ರೇಟು? ಅವ್ವನ ಕೋಳಿ ಮುಚ್ಚಿ ಅದೇ ಬಟ್ಟೆಯಲ್ಲಿ ಶೆಡ್ಡಿಗೆ ಹೋಗುವ ನನ್ನ ತಮ್ಮ? ಅವರನ್ನು ಯಾರೂ ಕೇಳಲಿಲ್ಲ.

ಮೊದಲು ಅದು ಹೇನೇ ಹೌದೋ ನೋಡು ಎಂದೆ. ಹಗಲಲ್ಲಿ ಬಾಲದ ಕೆಳಗಿನ ಪುಕ್ಕ ಸರಿಸಿದರೆ ಗೋಧಿಬಣ್ಣದ ಹುಳ ಸರಸರ ಓಡಬೇಕು, ಪುಕ್ಕದ ಬುಡದಲ್ಲಿ ಬಿಳಿ ಮೊಟ್ಟೆಯ ಗಂಟಿರಬೇಕು. ಹಗಲೆಲ್ಲ ಕಟ್ಟಿಗೆಯ ಸಂದಿನಲ್ಲಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿಯಾದರೆ ಮದ್ದು ಹೊಡೆಯಬೇಕಾದ ಜಾಗವೇ ಬೇರೆ. ನೋಡಿದ. ಹೇನೇ.

ಬ್ಯಾಚಿಗಾಗಲೇ 33 ದಿನ. ಈಗ ಮದ್ದು ಹೊಡೆದರೆ ಅದರ ಅಂಶ ಮಾಂಸಕ್ಕೆ ಬಂದೀತು, ಬೇಡವೇ ಬೇಡ ಎಂದಳು ಗೆಳತಿ. ಕೋಳಿ ಹೋದ ಮೇಲೆ ಹೊಟ್ಟು ತೆಗೆದು, ತೊಳೆದು, ಸುಣ್ಣ ಬಳಿದು 2 ವಾರ ಶೆಡ್ಡು ಖಾಲಿ ಬಿಡಬೇಕು. ಜವಾರಿ ಕೋಳಿಗೆ ಡಾಕ್ಟರು ಬರೆದ ಮದ್ದು. ಮೊಟ್ಟೆ ಅದಕ್ಕೆ ಸಾಯುವುದಿಲ್ಲವಾದ್ದರಿಂದ 10-14 ದಿನಕ್ಕೆ ಇನ್ನೊಮ್ಮೆ. (ಅಂಗಡಿಯಿಂದ ಚಿಕನ್ ತರುವವರು ಹೆದರಬೇಡಿ. ಕೋಳಿಹೇನು ಮನುಷ್ಯರ ಮೈಮೇಲೆ ಸಂಸಾರ ಹೂಡುವುದಿಲ್ಲ.)

ಅವ್ವನಿಗೆ ಫೋನು ಕೊಡಿಸಿದೆ. “ನನ್ನ ಕೋಳಿ ದಿನಾ ಬೂದ್ಯಾಗ ಹೊರಳ್ತಾವ, ಅವಕ್ಕೆಲ್ಲಿ ಹೇನು?” ಬೂದಿ, ಮಣ್ಣಲ್ಲಿ ಹೊರಳಿದರೆ ಹೇನು ಕಡಿಮೆಯಾಗುವುದು ನಿಜ, ಪೂರ್ತಿ ಹೋಗುವುದಿಲ್ಲ. ಅರ್ಧ ಗಂಟೆಯ ಮೇಲೆ ಒಪ್ಪಿದಳು. ಒಂಬತ್ತು ಕೋಳಿ ದೊಡ್ಡಪ್ಪನ ಹೊಲದ ಗುಡಿಸಲಿಗೆ ಹೋದವು. ಸಂಜೆ ನುಚ್ಚು ಹಾಕಲು ಅಲ್ಲಿಗೆ ನಡೆದು ಹೋಗುತ್ತಾಳೆ. ಬಂದ ಮೇಲೆ ಸೀರೆ ಬದಲಿಸದೆ ಶೆಡ್ಡಿನ ಹತ್ತಿರ ಸುಳಿಯಬಾರದೆಂದು ತಮ್ಮನ ಕಟ್ಟಪ್ಪಣೆ.

ಹತ್ತನೆಯದು ಕಾವಿಗೆ ಕೂತ ಹೇಂಟೆ. ಕಾವಿಗೆ ಕೂತದ್ದು ಹೊರಳಾಡಲು ಹೋಗುವುದೇ ಕಡಿಮೆ, ಹಾಗಾಗಿ ಹೇನೂ ಅದಕ್ಕೇ ಹೆಚ್ಚು. ಮೊದಲು ಹೋಗಬೇಕಾದ್ದು ಅದೇ. ಇಪ್ಪತ್ತೊಂದು ದಿನ ತುಂಬುವವರೆಗೆ ಮುಟ್ಟಕೂಡದು ಎಂದು ಅವ್ವ ಬುಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿದ್ದಾಳೆ. ಇನ್ನೂ ಹನ್ನೊಂದು ದಿನ ಇದೆ.