ಗಾಳಕ್ಕೂ ಒಂದು ನೀತಿ ಬೇಕು

ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರವನ್ನು ಹಾದು ಹರಿಯುವ ಮಲಪ್ರಭೆಗೆ ಬೆಳಗಾವಿಯಿಂದ ಗಾಳ ಹಿಡಿದು ಬರುವ ಹವ್ಯಾಸಿಗಳಿಗೂ ದಡದ ಊರುಗಳ ಯುವಕರಿಗೂ ಒಂದು ಮಾತು.

ಕೊರವ ಮೀನು ನೀರಿನ ಮೇಲೆ ಕುಪ್ಪಳಿಸುವ ರಬ್ಬರ್ ಕಪ್ಪೆಗೆ ಥಟ್ಟನೆ ಎರಗುತ್ತದೆ. ಮಳೆಗಾಲದಲ್ಲಿ ಅದು ಎರಗುವುದು ಹಸಿವಿನಿಂದಷ್ಟೇ ಅಲ್ಲ, ಮರಿಗಳನ್ನು ಕಾಯಲೆಂದು. ಮರಿಹಿಂಡಿನ ಬಳಿ ಗಾಳ ಎಸೆದು ಹೆತ್ತ ಮೀನನ್ನು ಎಳೆಯುವುದು ಜಾಣ್ಮೆಯಲ್ಲ. ಕಾವಲು ತಪ್ಪಿದ ಹಿಂಡು ಇತರ ಮೀನುಗಳ ಪಾಲಾಗುತ್ತದೆ.

ಆದ್ದರಿಂದ ಮರಿಗಳು ಕಂಡಲ್ಲಿ ಗಾಳ ಎಸೆಯದಿರೋಣ. ಹಿಡಿದು ಬಿಡುವವರು ಮೂರು ಕೊಕ್ಕೆಯ ಗಾಳವನ್ನು ತ್ಯಜಿಸಿ, ಮುಳ್ಳಿಲ್ಲದ ಒಂಟಿ ಕೊಕ್ಕೆಯನ್ನು ಬಳಸಲಿ. ಬಾಯಿ ಹರಿಯದ ಮೀನು ಬದುಕುವ ಸಾಧ್ಯತೆ ಹೆಚ್ಚು. 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದೊಳಗಂತೂ ಗಾಳವೇ ಬೇಡ.

ಊಟಕ್ಕಾಗಿ ಮೀನು ಹಿಡಿಯುವ ಬಡವರ ಮೇಲೆ ನಮಗೆ ದೂರಿಲ್ಲ. ಹವ್ಯಾಸಿಯು ಇಂದು ಕೈತಡೆದರೆ ಮುಂದೆ ತುಂಬುವುದು ಅವರ ಬುಟ್ಟಿಯೇ.